ನಾಲ್ಕನೇ ಹುಡುಗಿಯ ಮಾತು

8 ಸೆಪ್ಟೆಂಬರ್ 1996

ಪ್ರೀತಿಯ ಅಕ್ಕ,

ಸುಖವಾಗಿ ಬಂದು ಸೇರಿದೆ. ದಾರಿಯುದ್ದಕ್ಕೂ ಟೇಪ್ ರೆಕಾರ್ಡರನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಪಕ್ಕದ ಸೀಟಿನವರು ಅರ್ಧ ದಾರಿ ಸುಮ್ಮನಿದ್ದು, ಕೊನೆಗೆ ತಡೆಯಲಾರದೆ "ಏನ್ ಓದ್ತಿದ್ದೀರಿ?" ಎಂದರು. ಕ್ರೀಡೆ, ವಿರಾಮ ಮತ್ತು ಪ್ರವಾಸ ಅಧ್ಯಯನ, ಎಂ.ಎ. ಕೊನೆಯ ವರ್ಷ ಎಂದೆ. "ಅಂದ್ರೆ ಆಟ ಆಡೋದಕ್ಕೂ ತಿರುಗೋದಕ್ಕೂ ಈಗ ಡಿಗ್ರಿ ಕೊಡ್ತಾರಾ?" ಎಂದು ಅಮ್ಮ ಕೇಳುವುದನ್ನೇ ಕೇಳಿದರು. ಹೌದು ಎಂದು ಕಿಟಕಿಯ ಕಡೆ ತಿರುಗಿದೆ.

ನಿನ್ನ ಈಜುಕೊಳದ ಟವೆಲ್ ಕೋಣೆಯನ್ನು ಒಂದು ವಾರ ನನಗೆ ಬಿಟ್ಟುಕೊಟ್ಟೆಯಲ್ಲ, ಅದು ದೊಡ್ಡ ಉಪಕಾರ. ನಿನ್ನ ಕಣ್ಣೆದುರು ಹುಡುಗಿಯರು ಬಾಯಿ ಬಿಡುವುದಿಲ್ಲ, ಯಾರು ಯಾವಾಗ ಒಳಗೆ ಬಂದರು ಎಂದು ಕೂಡ ನೀನು ನೋಡಬಾರದು ಎಂದು ನಾನು ಹೇಳಿದಾಗ ನೀನು ಮುಖ ಊದಿಸಿಕೊಂಡೆ. ಆದರೂ ಮಾತಿಗೆ ತಪ್ಪಲಿಲ್ಲ. ಕೊಳದ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿಯೇ ನಿಂತಿದ್ದೆ. ಏಳು ಹುಡುಗಿಯರೂ ಮಾತಾಡಿದರು. ಹದಿವಯಸ್ಸಿನ ಹುಡುಗಿಯರು ಈಜನ್ನು ಯಾಕೆ ಬಿಡುತ್ತಾರೆ ಎಂಬ ನನ್ನ ಪ್ರಬಂಧಕ್ಕೆ ಇಷ್ಟು ಸಾಕು. ನನ್ನ ಗೈಡ್ ಮೇಡಂ ಟೇಪುಗಳ ಚೀಲ ನೋಡಿಯೇ ಖುಷಿಪಟ್ಟರು.

ಒಂದು ಮಾತು. ಮುಂದಿನ ತಿಂಗಳು ಆಯ್ಕೆ ಸ್ಪರ್ಧೆ ಇದೆಯಲ್ಲ, ಅದಕ್ಕೆ ಮುಂಚೆ ಹುಡುಗಿಯರನ್ನೆಲ್ಲ ಒಮ್ಮೆ ಒಳ್ಳೆಯ ಡಾಕ್ಟರಿಗೆ ತೋರಿಸು. ಹಾಗೆಯೇ, ಉಸಿರು ಕಟ್ಟಿ ನೀರಿನ ಕೆಳಗೇ ಆ ದಡ ಮುಟ್ಟುವ ಅಭ್ಯಾಸ ಮಾಡಿಸುತ್ತೀಯಲ್ಲ, ಅದನ್ನು ಸ್ವಲ್ಪ ದಿನ ನಿಲ್ಲಿಸಿದರೆ ಹೇಗೆ? ಸುಮ್ಮನೆ ಹೊಳೆಯಿತು, ಬರೆದೆ. ಬೇರೆ ಏನೂ ಇಲ್ಲ.

ಅಮ್ಮನ ಮೊಣಕಾಲು ಹೇಗಿದೆ? ಬರೆ.

ನಿನ್ನ ತಮ್ಮ


15 ಸೆಪ್ಟೆಂಬರ್ 1996

ಏನಪ್ಪಾ ಪ್ರೊಫೆಸರ್,

ಸುಮ್ಮನೆ ಹೊಳೆಯಿತಂತೆ! ಹುಟ್ಟಿದಾಗಿನಿಂದ ನಿನಗೆ ಸುಮ್ಮನೆ ಏನಾದರೂ ಹೊಳೆದದ್ದುಂಟಾ? ಒಂದು ಪೆನ್ಸಿಲ್ ಬೇಕಾದರೂ ಊರೆಲ್ಲ ಸುತ್ತಿಸಿ ಕೇಳುವವನು ನೀನು. ಸರಿ, ಹೇಳಿದೆಯಲ್ಲ ಎಂದು ನಮ್ಮ ಬೀದಿಯ ಡಾಕ್ಟರನ್ನೇ ಕೊಳಕ್ಕೆ ಕರೆಸಿದೆ. ನಾಲಿಗೆ ನೋಡಿದರು, ತೂಕ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. "ಇವರಿಗೇನಮ್ಮ ಕಾಯಿಲೆ, ನನಗೇ ಎರಡು ಏಟು ಹೊಡೆಯೋ ಹಾಗಿದ್ದಾರೆ" ಎಂದು ನಕ್ಕು ಹೋದರು. ಈಗ ಸಮಾಧಾನವಾಯಿತಾ?

ಉಸಿರು ಕಟ್ಟುವ ಅಭ್ಯಾಸ ನಿಲ್ಲಿಸುವ ಮಾತು ಮಾತ್ರ ಎತ್ತಬೇಡ. ಹದಿನೆಂಟು ವರ್ಷದಿಂದ ಈ ಕೊಳದ ಅಂಚಿನಲ್ಲಿ ನಿಂತು ನನ್ನ ಕಾಲು ಕ್ಲೋರಿನ್‌ಗೆ ಬೆಳ್ಳಗಾಗಿದೆ. ಒಂದು ವಾರ ಟವೆಲ್ ರಾಶಿಯ ಮೇಲೆ ಕೂತು ಎದ್ದುಹೋದವನು ನನಗೆ ಪಾಠ ಹೇಳುತ್ತೀಯಾ? ಈ ಸಲ ಏನಾಗಬೇಕಿದೆ ಎಂದು ನಿನಗೆ ಗೊತ್ತೇ ಇದೆ. ಎದುರಿಗೆ ಎದ್ದಿರುವ ಹೊಸ ಹೋಟೆಲಿನವರು ಪ್ರವಾಸಿಗಳಿಗೆಂದು ನಮ್ಮ ಬೆಳಗಿನ ಹೊತ್ತನ್ನು ಕೇಳುತ್ತಿದ್ದಾರೆ. ಕೊಳದ ಮ್ಯಾನೇಜರ್ ಆಗಲೇ ಅರ್ಧ ಒಪ್ಪಿದ್ದಾರೆ. ಇಬ್ಬರು ಹುಡುಗಿಯರಾದರೂ ಆಯ್ಕೆಯಾದರೆ ಬೆಳಗಿನ ಕೊಳ ನಮ್ಮದು, ಇಲ್ಲದಿದ್ದರೆ ನಾನು ಹೋಟೆಲಿನ ಮಕ್ಕಳಿಗೆ ಗಾಳಿ ಚೆಂಡು ಊದಿಕೊಡುತ್ತಾ ಕೂರಬೇಕು.

ನೂರು ಮೀಟರಿಗೆ ಬಾಣ ಇದ್ದಾಳೆ, ನಾನೂರಕ್ಕೆ ಕಪ್ಪೆ. ಇಬ್ಬರನ್ನೂ ಹಿಡಿಯುವವರಿಲ್ಲ. ಉಳಿದವರು ಜೊತೆಗೆ ಓಡಾಡಿಕೊಂಡಿರುತ್ತಾರೆ.

ನಿಜ ಹೇಳು. ಹುಡುಗಿಯರು ನನ್ನ ಬಗ್ಗೆ ಏನಂದರು? ಮಿಸ್ ರಾಕ್ಷಸಿ ಅಂದರಾ? ಅದಕ್ಕೇ ನನಗೆ ಹೀಗೆ ಬಳಸಿ ಬಳಸಿ ಬುದ್ಧಿ ಹೇಳುತ್ತಿದ್ದೀಯಾ?

ಅಮ್ಮನ ಮೊಣಕಾಲು ಹಾಗೇ ಇದೆ. ಬಾಯಿ ಮಾತ್ರ ಚೆನ್ನಾಗಿದೆ.

ನಿನ್ನ ಅಕ್ಕ


21 ಸೆಪ್ಟೆಂಬರ್ 1996

ಅಕ್ಕ,

ಯಾರೂ ನಿನ್ನನ್ನು ರಾಕ್ಷಸಿ ಎನ್ನಲಿಲ್ಲ. ಏನಂದರು ಎಂದೂ ನಾನು ಹೇಳುವಂತಿಲ್ಲ. ಪ್ರತಿಯೊಬ್ಬಳಿಗೂ ಟೇಪ್ ಹಾಕುವ ಮೊದಲು ಮಾತು ಕೊಟ್ಟಿದ್ದೇನೆ, ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ ಎಂದು. ಒಪ್ಪಿಗೆ ಪತ್ರಕ್ಕೆ ಅವರೂ ಸಹಿ ಹಾಕಿದ್ದಾರೆ, ನಾನೂ ಹಾಕಿದ್ದೇನೆ. ಕೇಳುವವನು ಬಾಯಿಗೆ ಬೀಗ ಹಾಕಿಕೊಳ್ಳದಿದ್ದರೆ ನಮ್ಮ ಕೆಲಸವೇ ಇಲ್ಲ. ಡಾಕ್ಟರಿಗೆ, ವಕೀಲರಿಗೆ ಇರುವಂತೆ ಇದು ನಮಗೂ ಇದೆ. ಅಕ್ಕ ಅಂತ ನಿನಗೊಂದು, ಬೇರೆಯವರಿಗೊಂದು ಮಾಡಲಾಗುತ್ತದೆಯೇ?

ಡಾಕ್ಟರನ್ನು ಕರೆಸಿದ್ದಕ್ಕೆ ಸಂತೋಷ. ಆದರೆ ನಿಂತಿರುವ ಹುಡುಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ನೀರಿನೊಳಗೆ ಏನಾಗುತ್ತದೆ ಎಂದು ಗೊತ್ತಾಗುವುದಿಲ್ಲವಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಓಡಿಸಿ ನೋಡುವ ಪರೀಕ್ಷೆ ಇದೆಯಂತೆ. ಎಲ್ಲರಿಗೂ ಮಾಡಿಸು, ಒಬ್ಬಳನ್ನೂ ಬಿಡಬೇಡ. ಉಸಿರು ಕಟ್ಟುವುದನ್ನು ದಯವಿಟ್ಟು ನಿಲ್ಲಿಸು. ಯಾಕೆ ಎಂದು ಕೇಳಬೇಡ.

ನಿನ್ನ ಬಾಣ ಈ ಸಲವೂ ನೂರು ಮೀಟರು ಮಾತ್ರ ತಾನೇ? ಉದ್ದ ಸ್ಪರ್ಧೆಗಳಿಗೆ ಅವಳನ್ನು ಹಾಕುವ ಯೋಚನೆ ಇಲ್ಲವಲ್ಲ? ಎಷ್ಟು ಬೇಗ ಮುಗಿಸುತ್ತಾಳೆ ಎಂದು ನೆನಪಾಗಿ ಕೇಳಿದೆ, ಅಷ್ಟೇ.

ನಿನ್ನ ತಮ್ಮ


28 ಸೆಪ್ಟೆಂಬರ್ 1996

ನಿನ್ನ ಪತ್ರ ಬಂತು. ಅಮ್ಮನಿಗೆ ಓದಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಯಾಕೆ ಎಂದು ಕೇಳಬಾರದಂತೆ. ನಾನೇನು ನಿನ್ನ ಪ್ರಯೋಗದ ಇಲಿಯಾ? ಆಸ್ಪತ್ರೆಯಲ್ಲಿ ಓಡಿಸುವ ಪರೀಕ್ಷೆ ಎಂಟು ಜನರಿಗೆ ಮಾಡಿಸು ಅಂತ ಬರೆದು ಕೈ ತೊಳೆದುಕೊಂಡೆ. ಯಾವ ಕಾರಣಕ್ಕೆ ಎಂದು ಅವರ ಮನೆಯವರು ಕೇಳಿದರೆ ಏನು ಹೇಳಲಿ, ನನ್ನ ತಮ್ಮನಿಗೆ ಸುಮ್ಮನೆ ಹೊಳೆಯಿತು ಎನ್ನಲಾ? ಆಗಲೇ ಇಬ್ಬರು ತಾಯಂದಿರು ಬಂದು "ಡಾಕ್ಟರು ಯಾಕೆ ಬಂದಿದ್ರು ಮಿಸ್, ಏನಾದ್ರೂ ಆಗಿದೆಯಾ?" ಎಂದು ನನ್ನ ತಲೆ ತಿಂದು ಹೋಗಿದ್ದಾರೆ. ಮ್ಯಾನೇಜರಿಗೆ ಇದು ಗೊತ್ತಾದರೆ ಹೋಟೆಲಿಗೆ ಕೊಳವನ್ನು ಹೂವಿನ ಹಾರ ಹಾಕಿ ಕೊಡುತ್ತಾರೆ.

ನನಗೆ ಅರ್ಥವಾಗುತ್ತದೆ ಕಣೋ. ಹುಡುಗಿಯರು ಯಾಕೆ ಈಜು ಬಿಡುತ್ತಾರೆ ಎಂದು ಬರೆಯಬೇಕಲ್ಲ ನೀನು, ಕೋಚ್ ಕೆಟ್ಟವಳಾಗಿದ್ದರೆ ಪ್ರಬಂಧ ಚೆನ್ನಾಗಿ ಬರುತ್ತದೆ. ಬರೆದುಕೋ. ಆದರೆ ನಿನ್ನ ಅಕ್ಕನನ್ನು ಅದರಲ್ಲಿ ಹಾಕಿ, ಮೇಲೆ ಅವಳಿಗೇ ಕಾಳಜಿಯ ಪತ್ರ ಬರೆಯಬೇಡ. ಹೊಟ್ಟೆ ಉರಿಯುತ್ತದೆ.

ಬಾಣ ನೂರೇ ಈಜುವುದು. ಅವಳ ಸುದ್ದಿ ನಿನಗ್ಯಾಕೆ?


4 ಅಕ್ಟೋಬರ್ 1996

ಅಕ್ಕ,

ಜಗಳ ಸಾಕು. ನಾಲ್ಕು ದಿನದಿಂದ ಒಂದು ಸಾಲು ಬರೆದಿಲ್ಲ, ಅನ್ನ ಸೇರುತ್ತಿಲ್ಲ. ನಿನ್ನನ್ನು ಕೆಟ್ಟವಳು ಎಂದು ಬರೆಯುವುದಕ್ಕೆ ನಾನು ಅಷ್ಟು ದೂರ ಬರಬೇಕಿತ್ತಾ?

ನನ್ನ ನಾಲ್ಕನೇ ಅಧ್ಯಾಯದ ಕರಡು ಕಳಿಸುತ್ತಿದ್ದೇನೆ. ಮಾತಾಡಿಸಿದ ಜಾಗದವರಿಗೆ ಒಮ್ಮೆ ಓದಲು ಕೊಡುವುದು ನಮ್ಮಲ್ಲಿ ರೂಢಿ, ಆದ್ದರಿಂದ ಇದರಲ್ಲಿ ನಿಯಮ ಮೀರಿದ್ದೇನೂ ಇಲ್ಲ. ಯಾವ ಹೆಸರೂ ಇಲ್ಲ. ಯಾರ ಗುರುತೂ ಹತ್ತದ ಹಾಗೆ ಬರೆದಿದ್ದೇನೆ. ನೀನು ಪೂರ್ತಿ ಓದುವವಳಲ್ಲ ಎಂದು ಗೊತ್ತು, ಅದಕ್ಕೇ ಓದಲೇಬೇಕಾದ ಭಾಗವನ್ನು ಇಲ್ಲಿ ನಕಲು ಮಾಡುತ್ತೇನೆ:

"ಹುಡುಗಿ ನಾಲ್ಕು. ವಯಸ್ಸು ಹದಿನೇಳು. ತಂದೆ ಬಸ್ ಚಾಲಕರು. ಉಳಿದವರಿಗಿಂತ ತಡವಾಗಿ ಈಜು ಕಲಿತವಳು, ದೂರದ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಾಳೆ. ಈಜುವಾಗ ಭಯವಾಗುತ್ತದೆಯೇ ಎಂಬ ಪ್ರಶ್ನೆಗೆ ಆಕೆಯ ಉತ್ತರ: 'ಉಸಿರು ಕಟ್ಟಿ ಹೋಗೋವಾಗ ಕೊನೇಲಿ ಎದೆ ಡವಡವ ಅಂದು, ಆಮೇಲೆ ಏನೂ ಇಲ್ಲದ ಹಾಗಾಗುತ್ತೆ ಸಾರ್. ಕಣ್ಣು ಕತ್ತಲೆ. ಗೋಡೆ ಮುಟ್ಟಿದ್ದು ನೆನಪೇ ಇರಲ್ಲ. ಎರಡು ಸಲ ಆಯ್ತು. ಒಂದು ಸಲ ಜೊತೆಯವಳು ಕೂದಲು ಹಿಡಿದು ಎಳೆದಳು, ತಮಾಷೆಗೆ ಮುಳುಗಿದೆ ಅಂತ ಅಂದ್ಕೊಂಡಳು. ನಾನೂ ನಕ್ಕೆ.'"

ಇದನ್ನು ಓದಿದ ಮೇಲಾದರೂ ಎಲ್ಲರಿಗೂ ಆ ಅಭ್ಯಾಸ ನಿಲ್ಲಿಸುತ್ತೀಯ ಎಂಬ ನಂಬಿಕೆ ನನಗಿದೆ. ಹೆಚ್ಚಿಗೆ ಕೇಳಬೇಡ, ಅಕ್ಕ.

ನಿನ್ನ ತಮ್ಮ


11 ಅಕ್ಟೋಬರ್ 1996

ಪುಟ್ಟಾ,

ನಿನ್ನನ್ನು ಏನೇನೋ ಅಂದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆ ಭಾಗ ಓದಿ ಎದೆ ಧಸಕ್ಕೆಂದಿತು. ಇಷ್ಟು ದಿನ ನನ್ನ ಕಣ್ಣೆದುರಿಗೇ ಒಂದು ಮಗು ಸಾಯುವ ಹತ್ತಿರ ಹೋಗಿ ಬರುತ್ತಿತ್ತು, ನಾನು ಸೀಟಿ ಊದುತ್ತಿದ್ದೆ.

ಗುರುತು ಹತ್ತದ ಹಾಗೆ ಬರೆದಿದ್ದಾನಂತೆ, ಪೆದ್ದ! ಒಂದೇ ಓದಿಗೆ ಹತ್ತಿತು. ಹೆಸರು ತೆಗೆದರೆ ಆಯಿತಾ? ಡ್ರೈವರ್ ಮಗಳು ನನ್ನಲ್ಲಿ ಇರುವುದು ಒಬ್ಬಳೇ. ಹದಿನೇಳು ವರ್ಷದವಳು ಒಬ್ಬಳೇ. ಹನ್ನೆರಡು ವರ್ಷವಾದ ಮೇಲೆ ನೀರು ಕಂಡವಳು, ನಾನೂರು ಮೀಟರು ಈಜುವವಳು, ಎಲ್ಲ ಅವಳೇ. ನಮ್ಮ ಕಪ್ಪೆ. ಟೈಪಿಂಗ್ ಪರೀಕ್ಷೆ ಎಂದು ಆ ವಾರವೆಲ್ಲ ರಜೆ ಹಾಕಿ, ನೀನು ಹೊರಡುವ ದಿನವೇ ಬಂದಿದ್ದಳು. ಅವತ್ತೇ ನಿನ್ನೆದುರು ಕೂತಿರಬೇಕು.

ಕರೆದು ಕೇಳಿದೆ. "ನಾನು ಸಾರ್ ಮುಖಾನೇ ನೋಡಿಲ್ಲ ಮಿಸ್, ನಂಗೆ ಯಾವತ್ತೂ ಹಾಗಾಗಿಲ್ಲ" ಎಂದು ಒಂದೇ ಸಮ ಅಳುತ್ತಾಳೆ. ಪಾಪ, ಈಜು ತಪ್ಪುತ್ತದೆ ಎಂಬ ಭಯ. ಬೈಯಲಿಲ್ಲ, ತಲೆ ಸವರಿ ಕಳಿಸಿದೆ. ಅವಳನ್ನು ಸ್ಪರ್ಧೆಯಿಂದ ತೆಗೆದಿದ್ದೇನೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಇದೇ ಕೊನೆಯ ಅವಕಾಶವಾಗಿತ್ತು. ಆದರೂ ಜೀವಕ್ಕಿಂತ ಹೆಚ್ಚಾ? ನೀನು ಹೇಳಿದ ಪರೀಕ್ಷೆಯನ್ನು ಸ್ಪರ್ಧೆ ಮುಗಿದ ಮಾರನೆಯ ದಿನವೇ ಮಾಡಿಸುತ್ತೇನೆ.

ಉಸಿರು ಕಟ್ಟುವುದನ್ನೂ ನಿಲ್ಲಿಸಿದ್ದೇನೆ. ನಾನೂರು ಮೀಟರಿಗೆ ಈಗ ಬಾಣ. ಎರಡೂ ಅವಳೇ ಈಜಲಿ, ಎರಡೂ ಗೆಲ್ಲುತ್ತಾಳೆ. ಹೇಳಿದಾಗ ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. "ನೀವು ಹೇಳಿದ್ರೆ ಆಯ್ತು ಮಿಸ್" ಎಂದಳು. ಈಗಿನ ಮಕ್ಕಳಲ್ಲಿ ಇಷ್ಟು ವಿಧೇಯತೆ ಎಲ್ಲಿದೆ ಹೇಳು!

ಹದಿನೇಳರ ಬೆಳಿಗ್ಗೆ ಹೊರಡುತ್ತೇವೆ. ಸ್ಪರ್ಧೆ ನಡೆಯುವ ಕೊಳದ ವಿಳಾಸ ಹಿಂದೆ ಬರೆದಿದ್ದೇನೆ. ನಿನ್ನ ನಿಯಮ ಗಿಯಮ ನನಗೆ ತಿಳಿಯದು, ಆದರೆ ಒಂದು ಜೀವ ಉಳಿಸಿದೆ ಕಣೋ. ಅಮ್ಮನಿಗೂ ಹೇಳಿದೆ. "ಆಟ ತಿರುಗಾಟದ ಓದು ಕೊನೆಗೂ ಉಪಯೋಗಕ್ಕೆ ಬಂತಲ್ಲ" ಎಂದು ಕಣ್ಣೊರೆಸಿಕೊಂಡರು.

ನಿನ್ನ ಅಕ್ಕ


17 ಅಕ್ಟೋಬರ್ 1996

ತಂತಿ

ಕಪ್ಪೆ ಅಲ್ಲ. ಬಾಣ. ನೀರಿಗೆ ಇಳಿಸಬೇಡ. ತಮ್ಮ


17 ಅಕ್ಟೋಬರ್ 1996

ಅಕ್ಕ,

ನಿನ್ನ ಪತ್ರ ಇವತ್ತು ಮಧ್ಯಾಹ್ನ ಕೈಗೆ ಬಂತು. ಕೊಳದ ಕಚೇರಿಗೆ ಫೋನ್ ಮಾಡಿದೆ. ಮ್ಯಾನೇಜರ್ ಎತ್ತಿ "ಎಲ್ಲಾ ಬೆಳಿಗ್ಗೇನೇ ಹೊರಟ್ರಲ್ಲ, ಏನಾದ್ರೂ ವಿಶೇಷನಾ?" ಎಂದರು. ಏನೂ ಇಲ್ಲ ಎಂದು ಇಟ್ಟೆ. ಅವರಿಗೆ ಹೇಳಿದರೆ ನಿನ್ನ ಕೊಳ ಹೋಗುತ್ತದೆ ಎಂದು ಆಗಲೂ ಲೆಕ್ಕ ಹಾಕಿದೆ ನೋಡು, ನನ್ನ ಬುದ್ಧಿಗೆ ಬೆಂಕಿ ಹಾಕ. ಸ್ಪರ್ಧೆಯ ಕೊಳಕ್ಕೆ ಫೋನು ಸಿಗಲೇ ಇಲ್ಲ. ತಂತಿ ಕಚೇರಿಗೆ ಓಡಿದೆ. ಗುಮಾಸ್ತ ಚೀಟಿ ಓದಿ, ಕನ್ನಡಕ ಏರಿಸಿ, "ಕಪ್ಪೆ ಅಲ್ಲ ಬಾಣ ಅಂದ್ರೆ ಏನ್ರೀ? ಗುಪ್ತ ಭಾಷೆ ಗಿಪ್ತ ಭಾಷೆ ಏನಾದ್ರೂನಾ? ಸರಿಯಾಗಿ ಬರೀರಿ" ಎಂದ. ಹುಡುಗಿಯರ ಹೆಸರು ಎಂದರೆ ನಂಬಲಿಲ್ಲ. ಕಿರುಚಿದೆ, ಅಕ್ಕ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೊನೆಗೆ ತೆಗೆದುಕೊಂಡ.

ಈ ಪತ್ರ ನಿನಗೆ ಸಿಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದರೂ ಸುಮ್ಮನೆ ಕೂರಲಾಗುತ್ತಿಲ್ಲ, ಬರೆಯುತ್ತೇನೆ.

ಹುಡುಗಿ ನಾಲ್ಕು ಬಾಣ. ಅವಳ ಗುರುತು ಮುಚ್ಚಲು ಎಲ್ಲವನ್ನೂ ತಿರುಗಿಸಿ ಬರೆದೆ. ನಮ್ಮಲ್ಲಿ ಹಾಗೆಯೇ ಮಾಡುವುದು, ಹೆಸರೊಂದನ್ನೇ ಬದಲಿಸಿದರೆ ಸಾಲದು. ನರ್ಸ್ ತಾಯಿಯನ್ನು ಡ್ರೈವರ್ ತಂದೆ ಮಾಡಿದೆ. ಹದಿನೈದನ್ನು ಹದಿನೇಳು ಮಾಡಿದೆ. ಚಿಕ್ಕಂದಿನಿಂದ ಈಜುತ್ತಿರುವವಳನ್ನು ತಡವಾಗಿ ಕಲಿತವಳೆಂದೆ. ನೂರು ಮೀಟರಿನವಳನ್ನು ದೂರದವಳೆಂದೆ. ನಾನು ಮಾತಾಡಿಸಿದ ಏಳು ಜನರಲ್ಲಿ ಅಂಥ ಹುಡುಗಿ ಇರಲಿಲ್ಲ, ಆದ್ದರಿಂದ ಯಾರಿಗೂ ತೊಂದರೆಯಿಲ್ಲ ಎಂದು ನಿಶ್ಚಿಂತೆಯಿಂದ ಬರೆದೆ. ಎಂಟನೆಯವಳೊಬ್ಬಳು ಇದ್ದಾಳೆಂದೇ ನನ್ನ ತಲೆಗೆ ಹೋಗಿರಲಿಲ್ಲ. ನೀನು ಹಿಂದಿನ ಪತ್ರದಲ್ಲಿ ಎಂಟು ಜನ ಎಂದು ಬರೆದಿದ್ದೆ, ಅದನ್ನೂ ಓದಿ ಮುಂದೆ ಹೋದೆ. ಕಪ್ಪೆ ಆ ಏಳರಲ್ಲಿ ಯಾರದೋ ಅಡ್ಡಹೆಸರು ಎಂದುಕೊಂಡಿದ್ದೆ. ನಾನು ಕಲ್ಪಿಸಿಕೊಂಡ ಹುಡುಗಿ ನಿನ್ನ ಕೊಳದಲ್ಲಿ ನಿಜವಾಗಿ ಈಜುತ್ತಿದ್ದಳು. ಅವಳು ನನ್ನ ಮುಖ ನೋಡಿಲ್ಲ ಎಂದದ್ದು ಸತ್ಯ.

ಇನ್ನೊಂದು ವಿಷಯ. ಇದನ್ನು ಗೈಡ್ ಮೇಡಂಗೂ ಹೇಳಿಲ್ಲ. ಒಪ್ಪಿಗೆ ಪತ್ರದಲ್ಲಿ ಮೊದಲು ಒಂದು ಸಾಲಿತ್ತು: ನಿನ್ನ ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ನಾನು ಬೇರೆಯವರಿಗೆ ತಿಳಿಸಬೇಕಾಗುತ್ತದೆ ಎಂದು. ಬೇರೆ ಕೊಳವೊಂದರಲ್ಲಿ ಮೂವರು ಹುಡುಗಿಯರ ಮೇಲೆ ಪ್ರಯೋಗ ಮಾಡಿದಾಗ ಆ ಸಾಲು ಓದಿದ ಕೂಡಲೇ ಮೂವರೂ ಬಾಯಿ ಮುಚ್ಚಿಕೊಂಡರು. ನಿನ್ನಲ್ಲಿಗೆ ಬರುವಾಗ ಅದನ್ನು ತೆಗೆದು ಹೊಸದಾಗಿ ಟೈಪ್ ಮಾಡಿಸಿದೆ. ಒಳ್ಳೆಯ ಮಾತು ಸಿಗಲಿ ಎಂಬ ಆಸೆ. ಸಿಕ್ಕಿತು.

ಅವಳು ನೂರು ಮಾತ್ರ ಈಜುತ್ತಾಳೆ, ಬೇಗ ಮುಗಿಯುತ್ತದೆ, ಏನೂ ಆಗಲಾರದು ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡು ಕೊಟ್ಟ ಮಾತು ಕಾಪಾಡಿದೆ. ಈಗ ನನ್ನ ಕೈಯಿಂದಲೇ ಅವಳನ್ನು ನಾನೂರಕ್ಕೆ ನೂಕಿದ ಹಾಗಾಯಿತು. ಅಕ್ಕ, ಅವಳು ಬದುಕಿದ್ದಾಳೆ ಎಂದು ಒಂದು ಸಾಲು ಬರೆ. ಬೇರೆ ಏನೂ ಬರೆಯದಿದ್ದರೂ ಸರಿ.

ತಮ್ಮ


22 ಅಕ್ಟೋಬರ್ 1996

ತಮ್ಮನಿಗೆ,

ಬದುಕಿದ್ದಾಳೆ. ಮೊದಲ ಸಾಲಲ್ಲೇ ಬರೆದಿದ್ದೇನೆ. ಈಗ ಕೂತು ಓದು.

ಸ್ಪರ್ಧೆಯ ದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಣ ನನ್ನ ತೋಳು ಹಿಡಿದುಕೊಂಡಳು. "ಮಿಸ್, ಕಪ್ಪೆ ಅಲ್ಲ. ಕಣ್ಣು ಕತ್ತಲೆ ಬರೋದು ನನಗೆ" ಎಂದಳು. ನಾನೇನು ಮಾಡಿದೆ ಗೊತ್ತಾ? ಬೈದೆ. ಹುರಿದುಂಬಿಸಲೆಂದು ಜೊತೆಗೆ ಕರೆತಂದಿದ್ದ ಕಪ್ಪೆ ಬಸ್ಸಿನುದ್ದಕ್ಕೂ ಅವಳ ಹೆಗಲ ಮೇಲೆ ಅತ್ತುಕೊಂಡು ಬಂದಿದ್ದಳು, ನನ್ನನ್ನು ಯಾಕೆ ತೆಗೆದರು ಎಂದು ಎಲ್ಲ ಹೇಳಿಕೊಂಡಿದ್ದಳು. ಗೆಳತಿಗಾಗಿ ಇವಳು ನಾಟಕ ಆಡುತ್ತಿದ್ದಾಳೆ ಎಂದುಕೊಂಡೆ. "ತ್ಯಾಗ ಗೀಗ ಮಾಡೋಕೆ ಇದೇನು ಸಿನಿಮಾನಾ? ನಡಿ, ಟೋಪಿ ಹಾಕ್ಕೋ" ಎಂದೆ. ಅವಳು ಟೋಪಿ ಹಾಕಿಕೊಂಡು ಹೋದಳು.

ನಿನ್ನ ತಂತಿ ಹಿಂದಿನ ದಿನವೇ ಬಂದು ಕಚೇರಿಯ ಮೇಜಿನ ಮೇಲೆ ಬಿದ್ದಿತ್ತಂತೆ. ಓದಿದವರು ಯಾರೋ ತಮಾಷೆ ಮಾಡಿದ್ದಾರೆ ಎಂದು ಪಕ್ಕಕ್ಕಿಟ್ಟರಂತೆ. ಅವಳು ನೀರಿಗೆ ಹಾರಿ ಕೊಳದ ಮೂರನೇ ಉದ್ದವನ್ನು ಈಜುತ್ತಿದ್ದಾಗ ಒಬ್ಬರು ನಗುತ್ತಾ ತಂದು ನನ್ನ ಕೈಗಿಟ್ಟರು. "ನಿಮ್ಮಲ್ಲಿ ಕಪ್ಪೆ ಯಾರು ಮೇಡಂ?" ಎಂದರು. ಓದಿದೆ. ಅವಳು ಎರಡನೆಯವಳಾಗಿ ಚೆನ್ನಾಗಿಯೇ ಈಜುತ್ತಿದ್ದಳು, ಕೈ ಬೀಸು ಕೂಡ ತಪ್ಪಿರಲಿಲ್ಲ. ಯೋಚಿಸಲಿಲ್ಲ ಕಣೋ. ಉಟ್ಟ ಬಟ್ಟೆಯಲ್ಲೇ, ಕಾಲಿನ ಚಪ್ಪಲಿ ಸಮೇತ, ಅವಳ ಲೇನಿಗೆ ಹಾರಿದೆ. ಹಿಡಿದೆ. ಸೀಟಿಗಳೋ ಸೀಟಿಗಳು. ನೋಡುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ತಂಡವನ್ನು ಪೂರ್ತಿ ಸ್ಪರ್ಧೆಯಿಂದ ಹೊರಗೆ ಹಾಕಿದರು. ಕಪ್ಪೆಯ ಹೆಸರು ಮತ್ತೆ ಸೇರಿಸಿ ಎಂದು ಬೇಡಿಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ, ಅವರು ಕೇಳಲಿಲ್ಲ. ಅವಳ ವರ್ಷ ಹೋಯಿತು. ಬೆಳಗಿನ ಕೊಳವೂ ಹೋಯಿತು ಎಂದುಕೋ. ಮ್ಯಾನೇಜರ್ ನನ್ನನ್ನು ನೋಡಿ ಬಹಳ ಮರುಕದಿಂದ ಮಾತಾಡುತ್ತಿದ್ದಾರೆ.

ನಿನ್ನೆ ದೊಡ್ಡ ಆಸ್ಪತ್ರೆಗೆ ಬಾಣಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಎದೆಗೆ ವೈರು ಅಂಟಿಸಿ ಓಡಿಸಿದರು. ಹೃದಯದ ಬಡಿತವೇ ಹದ ತಪ್ಪುತ್ತದಂತೆ, ದಣಿದಾಗ ಒಮ್ಮೊಮ್ಮೆ. ಹುಟ್ಟಿನಿಂದ ಇದೆಯಂತೆ. ಔಷಧಿ ಕೊಟ್ಟಿದ್ದಾರೆ, ಬದುಕಿಗೆ ತೊಂದರೆಯಿಲ್ಲ ಎಂದರು. "ಇಷ್ಟು ದಿನ ನೀರಿನಿಂದ ಎದ್ದು ಬಂದದ್ದೇ ದೊಡ್ಡದು" ಎಂದೂ ಅಂದರು. ಇನ್ನು ಅವಳು ನೀರಿಗೆ ಇಳಿಯುವಂತಿಲ್ಲ. ಅವಳ ತಾಯಿ ನರ್ಸ್, ಔಷಧಿಯ ಹೊತ್ತುಗಳನ್ನು ಎರಡೆರಡು ಸಲ ಕೇಳಿ ಬರೆದುಕೊಂಡರು.

ಈಗ ಆ ದಿನದ ಮಾತು. ಬರೆಯಲು ಇಷ್ಟವಿಲ್ಲ, ಆದರೆ ನಿನಗೆ ಗೊತ್ತಾಗಬೇಕು. ಅವಳನ್ನು ದಡಕ್ಕೆ ಎಳೆದು ಟವೆಲ್ ಸುತ್ತಿ ಕೂರಿಸಿದಾಗ, ನನ್ನ ಕೈಯಲ್ಲಿ ಒದ್ದೆಯಾಗಿದ್ದ ತಂತಿಯನ್ನು ಓದಿದಳು. "ಸಾರ್ ಈಗ ಹೇಳಿದ್ರಾ?" ಎಂದಳು. ಪಾಪ ಅವನು ಮಾತು ಕೊಟ್ಟಿದ್ದನಲ್ಲಮ್ಮ, ಅದಕ್ಕೇ ಹೇಳಿರಲಿಲ್ಲ, ಅವನ ಮೇಲೆ ಕೋಪ ಮಾಡ್ಕೋಬೇಡ ಎಂದು ನಿನ್ನ ಪರವಾಗಿ ನಾನೇ ಕೈ ಮುಗಿದೆ. ಆಗ ಹೇಳಿದಳು:

"ನಿಮ್ಮ ತಮ್ಮ ಅಂತಾನೇ ನಾನು ಅವರಿಗೆ ಹೇಳಿದ್ದು ಮಿಸ್. ನಿಮ್ಮ ಹತ್ರ ಹೇಳೋಕೆ ಬಂದಾಗೆಲ್ಲ ನೀವು ಸೀಟಿ ಊದ್ತಿದ್ರಿ. ಮನೇಲಿ ಊಟದ ಹೊತ್ತಿಗೆ ಅವರು ನಿಮಗೆ ಹೇಳ್ತಾರೆ ಅಂದ್ಕೊಂಡೆ. ಮಾರನೇ ದಿನ ನೀವು ಕರೀತೀರ ಅಂತ ಕಾದೆ. ಕರೀಲಿಲ್ಲ. ಆಮೇಲೆ ಡಾಕ್ಟರನ್ನ ಕರೆಸಿದ್ರಿ, ಅವರು ಏನೂ ಇಲ್ಲ ಅಂದ್ರು. ನಿಮಗೆ ಎಲ್ಲಾ ಗೊತ್ತು, ಗೊತ್ತಿದ್ದೇ ಈಜಿಸ್ತಿದ್ದೀರ, ಹಾಗಾದ್ರೆ ಏನೂ ಆಗಲ್ಲ ಅಂದ್ಕೊಂಡೆ. ನಾನೂರಕ್ಕೆ ಹಾಕಿದಾಗಲೂ ಹಾಗೇ ಅಂದ್ಕೊಂಡೆ ಮಿಸ್."

ನನ್ನನ್ನು ನಂಬಿ ಈಜುತ್ತಿದ್ದಳು. ನನಗೆ ಗೊತ್ತಿದೆ ಎಂದು ನಂಬಿ. ಕಪ್ಪೆ ಬಸ್ಸಿನಲ್ಲಿ ಅತ್ತಾಗಲೇ ಅವಳಿಗೆ ಗೊತ್ತಾದದ್ದು, ಮಿಸ್‌ಗೆ ಏನೂ ತಿಳಿದಿಲ್ಲ ಎಂದು.

ನಿನ್ನ ಮೇಲೆ ಕೋಪ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ನನ್ನ ಮೇಲೂ ಇದೆ. ಅಮ್ಮನಿಗೆ ಪೂರ್ತಿ ಹೇಳಿಲ್ಲ. ನೀನು ಜೀವ ಉಳಿಸಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಅಕ್ಕ


29 ಅಕ್ಟೋಬರ್ 1996

ಅಕ್ಕ,

ಪತ್ರ ಓದಿದೆ.

ಗೈಡ್ ಮೇಡಂಗೆ ತೆಗೆದ ಸಾಲಿನ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು, "ಆ ಹುಡುಗಿ ಹೇಗಿದ್ದಾಳೆ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಅಧ್ಯಾಯವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಈ ವರ್ಷ ಡಿಗ್ರಿ ಆಗುವುದಿಲ್ಲ. ಶನಿವಾರ ಬರುತ್ತೇನೆ. ಕಪ್ಪೆಯ ಮನೆಗೆ ಮೊದಲು ಹೋಗಬೇಕು. ಅವಳ ತಂದೆಯ ಎದುರು ಏನು ಹೇಳಬೇಕೆಂದು ಗೊತ್ತಿಲ್ಲ, ಹೋದ ಮೇಲೆ ನೋಡೋಣ. ಬಾಣ ನನ್ನ ಮುಖ ನೋಡಲು ಒಪ್ಪುತ್ತಾಳಾ ಎಂದು ಕೇಳಿ ಇಡು. ಬೇಡ ಎಂದರೆ ಒತ್ತಾಯ ಮಾಡಬೇಡ.

ಅವಳ ಟೇಪನ್ನು ಮತ್ತೆ ಕೇಳಿದೆ. ಅವಳ ಅನುಮತಿ ಇಲ್ಲದೆ ಇದನ್ನು ನಿನಗೆ ಬರೆಯುವಂತಿಲ್ಲ ಎಂದು ನಮ್ಮ ನಿಯಮ ಹೇಳುತ್ತದೆ. ಬರೆಯುತ್ತೇನೆ.

ಮಾತಿನ ನಡುವೆ ಮೂರು ಸಲ ಅವಳು ಒಂದೇ ಪ್ರಶ್ನೆ ಕೇಳಿದ್ದಾಳೆ. "ಇದನ್ನ ಮಿಸ್ ಕೇಳ್ತಾರಾ ಸಾರ್?" ಮೊದಲ ಸಲ ನಾನು, ಇಲ್ಲ ಇಲ್ಲ ಎಂದಿದ್ದೇನೆ. ಎರಡನೇ ಸಲ, ಖಂಡಿತ ಇಲ್ಲ, ಹೆದರಬೇಡ ಎಂದಿದ್ದೇನೆ. ಮೂರನೇ ಸಲ ನಕ್ಕು, ದೊಡ್ಡ ಮನುಷ್ಯನ ಹಾಗೆ, "ನಿಮ್ಮ ಮಿಸ್ ಅಲ್ಲ, ಯಾರು ಬಂದು ಕೇಳಿದ್ರೂ ಕೊಡಲ್ಲಮ್ಮ, ನನ್ನ ಮೇಲೆ ನಂಬಿಕೆ ಇಡು" ಎಂದಿದ್ದೇನೆ. ಆಮೇಲೆ ಟೇಪಿನಲ್ಲಿ ಹೊರಗೆ ಯಾರೋ ನೀರಿಗೆ ಹಾರಿದ ಸದ್ದು, ದೂರದಲ್ಲಿ ನಿನ್ನ ಸೀಟಿ. ಅದಾದ ಮೇಲೆ ಅವಳು, "ಹೌದಾ. ಸರಿ ಬಿಡಿ ಸಾರ್" ಎನ್ನುತ್ತಾಳೆ.

ಟೇಪು ಕೇಳಿ ಬರೆದುಕೊಳ್ಳುವಾಗ ಮಾತಿನ ಜೊತೆ ಧ್ವನಿಯನ್ನೂ ಗುರುತಿಸಿಕೊಳ್ಳಬೇಕೆಂದು ನಮಗೆ ಕಲಿಸಿದ್ದಾರೆ. ಆ ಸಾಲಿನ ಮುಂದೆ, ಕಂಸದಲ್ಲಿ, ನನ್ನ ಕೈಬರಹದಲ್ಲೇ ಇದೆ: ನಿರಾಳವಾಗಿ.

ತಮ್ಮ